ವಿಎಂಸಿಯ ಜ್ಯಾಮಿತಿ ದೋಷ ಹಿಡಿಯುವ ಬಗೆ: ಸ್ಪಿರಿಟ್ ಲೆವೆಲ್‌ನಿಂದ ಬಾಲ್‌ಬಾರ್‌ವರೆಗೆ

ಜಾಬ್ (ಯಂತ್ರದಲ್ಲಿ ಕೊರೆದ ಭಾಗ) ಅಳತೆಗೆ ಬರುತ್ತಿಲ್ಲ ಎಂದ ಕೂಡಲೇ ಆಪರೇಟರ್ ಆಫ್‌ಸೆಟ್ (ಯಂತ್ರಕ್ಕೆ ಕೊಟ್ಟ ಅಳತೆಯ ಹೊಂದಾಣಿಕೆ) ತಿದ್ದುತ್ತಾನೆ, ಪ್ರೋಗ್ರಾಮರ್ ಪ್ರೋಗ್ರಾಂ ತಿದ್ದುತ್ತಾನೆ, ಮೇಂಟೆನೆನ್ಸ್‌ನವರು ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ) ಪ್ಯಾರಾಮೀಟರ್‌ಗೆ ಕೈ ಹಾಕುತ್ತಾರೆ. ಮೂವರೂ ತಿದ್ದಿದ ಮೇಲೆ ಆ ಒಂದು ಜಾಬ್ ಹೇಗೋ ಸರಿಬರುತ್ತದೆ. ಮರುವಾರ ಜಾಬ್ ಹಿಡಿಯುವ ಫಿಕ್ಸ್ಚರನ್ನು ಟೇಬಲ್‌ನ ಇನ್ನೊಂದು ಮೂಲೆಗೆ ಸರಿಸಿದರೆ ಮತ್ತೆ ಅದೇ ರಗಳೆ. ಟೇಬಲ್ ಮೇಲಿನ ಜಾಗ ಬದಲಾದಂತೆ ದೋಷವೂ ಬದಲಾಗುತ್ತಿದೆ ಎಂದರೆ ತಪ್ಪು ಆಫ್‌ಸೆಟ್‌ನಲ್ಲಿಲ್ಲ, ಯಂತ್ರದ ಮೈಕಟ್ಟಿನಲ್ಲಿದೆ. ಅದನ್ನು ಹಿಡಿಯುವುದಕ್ಕೆ ಒಂದು ಕ್ರಮವಿದೆ. ಕ್ರಮ ತಪ್ಪಿಸಿದರೆ ಒಂದು ದೋಷದ ಮೇಲೆ ಇನ್ನೊಂದನ್ನು ಪೇರಿಸಿ, ಕೊನೆಗೆ ಯಾವುದು ಯಾವುದರಿಂದ ಬಂತು ಎಂದೇ ತಿಳಿಯದಂತಾಗುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಪೀಣ್ಯದ ಯಾವ ಶೆಡ್ಡಿಗೆ ಹೋದರೂ ಕಾಣುವಂಥ ಮೂರು ಅಕ್ಷದ ವರ್ಟಿಕಲ್ ಮಷಿನಿಂಗ್ ಸೆಂಟರ್, ಅಂದರೆ ವಿಎಂಸಿ: ನಿಂತ ಸ್ಪಿಂಡಲ್‌ನ ಟೂಲ್‌ನಿಂದ ಲೋಹ ಕೊರೆಯುವ, ಕಂಪ್ಯೂಟರ್ ನಡೆಸುವ ಯಂತ್ರ. ಲೇತ್‌ನವರಿಗೂ ನಡುವೆ ಒಂದೆರಡು ಮಾತಿದೆ.

ಮೊದಲು ಶತ್ರುಗಳ ಪಟ್ಟಿ

ಮೂರು ಅಕ್ಷದ ಯಂತ್ರದಲ್ಲಿ ಜ್ಯಾಮಿತಿ ದೋಷಗಳು ಒಟ್ಟು 21. ಒಂದು ಅಕ್ಷ ಚಲಿಸುವಾಗ ಆರು ಬಗೆಯಲ್ಲಿ ದಾರಿ ತಪ್ಪಬಹುದು. ಹೇಳಿದಷ್ಟು ದೂರ ಹೋಗದೆ ಹೆಚ್ಚುಕಡಿಮೆಯಾಗುವುದು ಒಂದು. ನೇರವಾಗಿ ಹೋಗದೆ ಅಕ್ಕಪಕ್ಕಕ್ಕೆ ಸೊಟ್ಟಗಾಗುವುದು, ಮೇಲಕ್ಕೂ ಕೆಳಕ್ಕೂ ಸೊಟ್ಟಗಾಗುವುದು ಇನ್ನೆರಡು. ಉಳಿದ ಮೂರು ತಿರುವಿನವು: ಹೋಗುತ್ತ ಮೂತಿ ಎತ್ತುವುದು ಪಿಚ್, ಎಡಬಲಕ್ಕೆ ಮುಖ ತಿರುಗಿಸುವುದು ಯಾ, ಮಗ್ಗುಲಿಗೆ ವಾಲುವುದು ರೋಲ್. ಮೂರು ಅಕ್ಷಗಳಿಗೆ ಹೀಗೆ 18. ಎಕ್ಸ್ ಎಡಬಲಕ್ಕೆ, ವೈ ಹಿಂದುಮುಂದಕ್ಕೆ, ಝಡ್ ಮೇಲೆಕೆಳಕ್ಕೆ ಚಲಿಸುವ ಅಕ್ಷ; ಎಕ್ಸ್-ವೈ, ವೈ-ಝಡ್, ಝಡ್-ಎಕ್ಸ್ ಅಕ್ಷಗಳು ಪರಸ್ಪರ 90 ಡಿಗ್ರಿಗೆ ನಿಲ್ಲದಿರುವ ಲಂಬತೆಯ ದೋಷಗಳು ಮೂರು. ಟೂಲ್ ಹಿಡಿದು ತಿರುಗಿಸುವ ಸ್ಪಿಂಡಲ್‌ನ ದೋಷಗಳ ಲೆಕ್ಕವೇ ಬೇರೆ.

ಇವುಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವುದು ಮೊದಲನೆಯದು, ದೂರದ ದೋಷ. ಆದರೆ ನಿಜವಾಗಿ ಕಾಟ ಕೊಡುವವು ತಿರುವಿನ ದೋಷಗಳು. ಯೇನಾದ ಝೈಸ್ ಕಂಪನಿಯ ಅರ್ನ್ಸ್ಟ್ ಅಬ್ಬೆ 1890ರಷ್ಟು ಹಿಂದೆಯೇ ಹೇಳಿದ ಮಾತು ಇದು: ಅಳೆಯುವ ಸ್ಕೇಲ್ ಮತ್ತು ಅಳೆಯಬೇಕಾದ ಬಿಂದು ಒಂದೇ ಗೆರೆಯಲ್ಲಿರಬೇಕು, ಇಲ್ಲದಿದ್ದರೆ ನಡುವಿನ ಅಂತರ ಸಣ್ಣ ತಿರುವನ್ನೂ ದೊಡ್ಡ ದೋಷವಾಗಿ ಹಿಗ್ಗಿಸುತ್ತದೆ. ಮೈಕ್ರೋಮೀಟರ್‌ಗಿರುವ ನಂಬಿಕೆ ವರ್ನಿಯರ್‌ಗೆ ಇಲ್ಲದಿರುವುದಕ್ಕೆ ದೊಡ್ಡ ಕಾರಣ ಇದೇ. ವಿಎಂಸಿಯಲ್ಲಿ ಟೇಬಲನ್ನು ಓಡಿಸುವ ಬಾಲ್ ಸ್ಕ್ರೂ ಟೇಬಲ್‌ನ ಅಡಿಯಲ್ಲಿರುತ್ತದೆ, ಟೂಲ್‌ನ ತುದಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಆ ಅಂತರ 400 ಮಿ.ಮೀ. ಎಂದುಕೊಳ್ಳಿ. ಒಂದು ಆರ್ಕ್ ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ತಿರುವು ಎಂದರೆ ಮೀಟರಿಗೆ ಸುಮಾರು 4.85 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ). ಟೇಬಲ್ ಕೇವಲ 10 ಆರ್ಕ್ ಸೆಕೆಂಡ್ ಪಿಚ್ ಆದರೂ ಟೂಲ್ ತುದಿಯಲ್ಲಿ ಸುಮಾರು 19 ಮೈಕ್ರಾನ್ ತಪ್ಪುತ್ತದೆ. ಬಾಲ್ ಸ್ಕ್ರೂ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಈ ತಪ್ಪಿನ ಅರಿವೇ ಇರುವುದಿಲ್ಲ.

ಪರೀಕ್ಷೆಗಳಿಗೆ ಒಂದು ಪದ್ಧತಿ ಹಾಕಿಕೊಟ್ಟವರು ಬರ್ಲಿನ್‌ನ ಪ್ರಾಧ್ಯಾಪಕ ಗೇಯೋರ್ಗ್ ಷ್ಲೆಸಿಂಗರ್. 1927ರಲ್ಲಿ ಅವರು ಹೊರತಂದ ಪರೀಕ್ಷಾ ಪುಸ್ತಕದ ಮರಿಮಕ್ಕಳೇ ಇಂದು ಯಂತ್ರದ ಜೊತೆ ಬರುವ ಟೆಸ್ಟ್ ಚಾರ್ಟ್‌ಗಳು. ಈಗ ಆಧಾರ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 230 ಸರಣಿ: ಅದರ 1ನೇ ಭಾಗ ಜ್ಯಾಮಿತಿಗೆ, 2ನೇ ಭಾಗ ಸ್ಥಾನ ನಿಖರತೆಗೆ, 3ನೇ ಭಾಗ ಬಿಸಿಯ ಪರಿಣಾಮಕ್ಕೆ, 4ನೇ ಭಾಗ ವೃತ್ತ ಪರೀಕ್ಷೆಗೆ. ಮಷಿನಿಂಗ್ ಸೆಂಟರ್‌ಗಳಿಗೆಂದೇ ಐಎಸ್‌ಒ 10791 ಇದೆ. ನಿಮ್ಮ ಯಂತ್ರಕ್ಕೆ ಒಪ್ಪುವ ಮಿತಿಗಳು ಬೇಕಿದ್ದರೆ ಮೊದಲು ತಯಾರಕರು ಕೊಟ್ಟ ಟೆಸ್ಟ್ ಚಾರ್ಟ್ ಹುಡುಕಿ. ಸಾಮಾನ್ಯವಾಗಿ ಅದು ಎಲೆಕ್ಟ್ರಿಕಲ್ ಪ್ಯಾನೆಲ್‌ನ ಬಾಗಿಲ ಜೇಬಿನಲ್ಲಿ ಎಣ್ಣೆ ಕುಡಿದು ಕೂತಿರುತ್ತದೆ.

ಸಿದ್ಧತೆ

ಬೇಕಾದ ಸಾಮಾನು: ಮೀಟರಿಗೆ 0.02 ಮಿ.ಮೀ. ತೋರಿಸುವ ಸ್ಪಿರಿಟ್ ಲೆವೆಲ್, ಸಾಧ್ಯವಾದರೆ ಎರಡು, ಒಂದು ಅಥವಾ ಎರಡು ಮೈಕ್ರಾನ್ ಓದುವ ಲಿವರ್ ಡಯಲ್ (ತುದಿಯ ಮುಳ್ಳು ಸರಿದಷ್ಟನ್ನು ತೋರಿಸುವ ಅಳತೆಯ ಡಯಲ್), ಅಲುಗಾಡದ ಮ್ಯಾಗ್ನೆಟಿಕ್ ಸ್ಟ್ಯಾಂಡ್, ಗ್ರಾನೈಟ್ ಸ್ಕ್ವೇರ್ (90 ಡಿಗ್ರಿಯ ಕಲ್ಲಿನ ಮೂಲೆಮಟ್ಟ), ಸ್ಟ್ರೇಟ್ ಎಡ್ಜ್ (ನೇರ ಅಂಚಿನ ಪಟ್ಟಿ), 300 ಮಿ.ಮೀ. ಉದ್ದದ ಟೆಸ್ಟ್ ಮ್ಯಾಂಡ್ರೆಲ್ (ಸ್ಪಿಂಡಲ್‌ಗೆ ಹಾಕುವ ನಿಖರವಾದ ಸರಳು). ಒಂದೆರಡು ಸ್ಲಿಪ್ ಗೇಜ್ (ನಿಖರ ದಪ್ಪದ ಲೋಹದ ಬಿಲ್ಲೆ). ಬೆಳಕಿನಿಂದ ದೂರ ಅಳೆಯುವ ಲೇಸರ್ ಇಂಟರ್‌ಫೆರೋಮೀಟರ್ ಮತ್ತು ವೃತ್ತ ಪರೀಕ್ಷೆಯ ಬಾಲ್‌ಬಾರ್ ಸಣ್ಣ ಕಾರ್ಖಾನೆಯವರು ಕೊಳ್ಳುವ ವಸ್ತುಗಳಲ್ಲ, ಸೇವೆಯಾಗಿ ತರಿಸಿಕೊಳ್ಳಬೇಕಾದವು. ಅವರನ್ನು ಕರೆಯುವ ಮೊದಲು ಕೆಳಗಿನ ಕೆಲಸಗಳಲ್ಲಿ ಮುಕ್ಕಾಲು ಭಾಗವನ್ನು ನೀವೇ ಮುಗಿಸಿಕೊಳ್ಳಬಹುದು, ಮುಗಿಸಿಕೊಳ್ಳಲೇಬೇಕು. ಸೊಟ್ಟ ನಿಂತ ಯಂತ್ರದ ಮೇಲೆ ಲೇಸರ್ ಹಿಡಿಸುವುದು ದುಡ್ಡಿನ ದಂಡ.

ಟೇಬಲ್ ಒರೆಸಿ, ಟಿ-ಸ್ಲಾಟ್‌ನ ಅಂಚುಗಳಲ್ಲಿ ಎದ್ದಿರುವ ಗೀರುಗಳನ್ನು ಎಣ್ಣೆಕಲ್ಲಿನಿಂದ ಹಗುರವಾಗಿ ತಿಕ್ಕಿ. ಅಂಗೈಯನ್ನು ಟೇಬಲ್ ಮೇಲೆ ಒಮ್ಮೆ ಎಳೆದರೆ ಕಣ್ಣಿಗೆ ಕಾಣದ ಬರ್ (ಎದ್ದ ಲೋಹದ ಚೂಪು) ಕೂಡ ಕೈಗೆ ಸಿಗುತ್ತದೆ. ಗ್ರಾನೈಟ್ ಸ್ಕ್ವೇರ್‌ನ ಅಡಿಯಲ್ಲಿ ಸಿಕ್ಕಿಕೊಂಡ ಒಂದು ಸಣ್ಣ ಚಿಪ್ ಇಡೀ ದಿನದ ಓದುಗಳನ್ನು ಹಾಳುಮಾಡಬಲ್ಲದು.

ನಂತರ ಬಿಸಿಯ ವಿಚಾರ. ಉದ್ದದ ಅಳತೆಗೆ ಜಗತ್ತೆಲ್ಲ ಒಪ್ಪಿದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ, ಅಲ್ಯೂಮಿನಿಯಂ ಅದರ ಎರಡರಷ್ಟು. ಒಂದು ಮೀಟರಿನ ಬಾಲ್ ಸ್ಕ್ರೂ ಓಡಿ ಓಡಿ 5 ಡಿಗ್ರಿ ಬಿಸಿಯಾದರೆ 58 ಮೈಕ್ರಾನ್‌ನಷ್ಟು ಉದ್ದವಾಗುತ್ತದೆ. ಮೋಟಾರಿನ ಹಿಂದಿರುವ ಎನ್‌ಕೋಡರ್ ಬರೀ ಸುತ್ತು ಎಣಿಸುತ್ತದೆ, ಈ ಹಿಗ್ಗು ಅದಕ್ಕೆ ತಿಳಿಯುವುದಿಲ್ಲ. ಬೆಳಗಿನ ಮೊದಲ ಜಾಬ್ ಒಂದು ಅಳತೆ, ಮಧ್ಯಾಹ್ನದ ಜಾಬ್ ಇನ್ನೊಂದು ಅಳತೆ ಎಂಬ ದೂರಿದ್ದರೆ ಜ್ಯಾಮಿತಿಗಿಂತ ಮೊದಲು ಇಲ್ಲಿ ನೋಡಿ. ಪರೀಕ್ಷೆಯ ದಿನ ಯಂತ್ರವನ್ನು ದಿನನಿತ್ಯ ಓಡುವ ಸ್ಥಿತಿಗೇ ತನ್ನಿ: ಅರ್ಧ ಗಂಟೆಯಾದರೂ ಸ್ಪಿಂಡಲ್ ತಿರುಗಲಿ, ಮೂರೂ ಅಕ್ಷಗಳು ಪೂರ್ತಿ ಉದ್ದಕ್ಕೆ ಓಡಾಡಲಿ, ಲೂಬ್ರಿಕೇಷನ್ ಎಲ್ಲ ಕಡೆಗೂ ಹರಿಯಲಿ. ಕಿಟಕಿಯ ಬಿಸಿಲು ಕಾಲಂನ (ಸ್ಪಿಂಡಲ್ ಹೊತ್ತ ಕಂಬದ) ಒಂದೇ ಮಗ್ಗುಲಿಗೆ ಬೀಳುತ್ತಿದ್ದರೆ ಪರದೆ ಹಾಕಿ. ಫ್ಯಾನ್ ಗಾಳಿ ಯಂತ್ರಕ್ಕೆ ತಾಗದಂತೆ ಬೇರೆ ಕಡೆಗೆ ತಿರುಗಿಸಿಡಿ.

ಹೆಜ್ಜೆ 1: ಲೆವೆಲ್

ಟೇಬಲನ್ನು ಎಕ್ಸ್ ಮತ್ತು ವೈ ಎರಡರಲ್ಲೂ ನಡುಮಧ್ಯಕ್ಕೆ ತಂದು ನಿಲ್ಲಿಸಿ. ಲೆವೆಲನ್ನು ಒಮ್ಮೆ ಎಕ್ಸ್ ಉದ್ದಕ್ಕೆ, ಒಮ್ಮೆ ವೈ ಉದ್ದಕ್ಕೆ ಇಟ್ಟು ಓದಿ. ಪ್ರತಿ ಸಲವೂ ಲೆವೆಲನ್ನು ಅದೇ ಜಾಗದಲ್ಲಿ 180 ಡಿಗ್ರಿ ತಿರುಗಿಸಿಟ್ಟು ಮತ್ತೊಮ್ಮೆ ಓದಿ. ಗುಳ್ಳೆ ಎರಡು ಸಲವೂ ಟೇಬಲ್‌ನ ಒಂದೇ ಕಡೆಗೆ ಸರಿದರೆ ಅದು ಟೇಬಲ್‌ನ ಓರೆ. ಲೆವೆಲ್ ಜೊತೆಗೇ ತಿರುಗಿ ಎದುರು ಕಡೆಗೆ ಹೋದರೆ ಅದು ಲೆವೆಲ್‌ನ ತಪ್ಪು. ಉಪಕರಣವನ್ನು ತಿರುಗಿಸಿ ಎರಡು ಸಲ ಅಳೆಯುವ ಈ ಉಪಾಯ ಮುಂದಿನ ಹೆಜ್ಜೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದುಬಾರಿ ಉಪಕರಣವಿಲ್ಲದ ಕಾರ್ಖಾನೆಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಮೊದಲು ಮೂರು ಕಾಲುಗಳ ಮೇಲೆ ಲೆವೆಲ್ ತಂದು, ಆಮೇಲೆ ಉಳಿದ ಕಾಲುಗಳ ಬೋಲ್ಟನ್ನು ಭಾರ ಹಿಡಿಯುವವರೆಗೆ ಮಾತ್ರ ಇಳಿಸಿ. ಎಲ್ಲ ಕಾಲುಗಳನ್ನೂ ಒಟ್ಟಿಗೇ ತಿರುಗಿಸಲು ಹೋದರೆ ಬೆಡ್ ತಿರುಚಿಕೊಳ್ಳುತ್ತದೆ, ಗುಳ್ಳೆ ಮಾತ್ರ ನಡುವೆ ನಿಂತು ನಗುತ್ತಿರುತ್ತದೆ. ತಿರುಚು ಇದೆಯೇ ಎಂದು ನೋಡಲು ಲೆವೆಲನ್ನು ವೈ ಉದ್ದಕ್ಕೆ ಇಟ್ಟು ಟೇಬಲನ್ನು ಎಕ್ಸ್‌ನಲ್ಲಿ ಆ ತುದಿಯಿಂದ ಈ ತುದಿಗೆ ಓಡಿಸಿ. ಗುಳ್ಳೆ ಕದಲಿದಷ್ಟೂ ಎಕ್ಸ್ ಅಕ್ಷದ ರೋಲ್. ಲೆವೆಲನ್ನು ಎಕ್ಸ್ ಉದ್ದಕ್ಕೆ ಇಟ್ಟು ಓಡಿಸಿದರೆ ಪಿಚ್ ಸಿಗುತ್ತದೆ. ವೈ ಅಕ್ಷಕ್ಕೂ ಹೀಗೆಯೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಭಾರದ ಟೇಬಲ್ ಒಂದು ತುದಿಗೆ ಹೋದಾಗ ಇಡೀ ಯಂತ್ರವೇ ಆ ಕಡೆಗೆ ಕೊಂಚ ಬಾಗಬಹುದು. ಟೇಬಲ್ ಮೇಲಿನ ಲೆವೆಲ್‌ಗೆ ಎರಡರ ಭೇದ ಗೊತ್ತಾಗುವುದಿಲ್ಲ. ಆದ್ದರಿಂದ ಎರಡನೆಯ ಲೆವೆಲನ್ನು ಸ್ಪಿಂಡಲ್ ಹೆಡ್ ಮೇಲೆ ಅದೇ ದಿಕ್ಕಿಗೆ ಇಟ್ಟು, ಎರಡರ ವ್ಯತ್ಯಾಸವನ್ನು ಮಾತ್ರ ಬರೆದುಕೊಳ್ಳಿ. ಟೂಲ್‌ಗೂ ಜಾಬ್‌ಗೂ ನಡುವೆ ಏನಾಗುತ್ತಿದೆ ಎಂಬುದಷ್ಟೇ ನಮಗೆ ಬೇಕು. ನೆಲಕ್ಕೂ ಆಕಾಶಕ್ಕೂ ನಡುವೆ ಏನಾದರೂ ಆಗಲಿ.

ಲೆವೆಲ್ ಹೇಳಲಾರದ್ದು ಯಾ ದೋಷವನ್ನು. ನಿಂತ ಗೆರೆಯ ಸುತ್ತ ತಿರುಗುವುದು ಗುಳ್ಳೆಗೆ ತಿಳಿಯುವುದಿಲ್ಲ. ಅದಕ್ಕೆ ಆಟೋಕಾಲಿಮೇಟರ್ ಅಥವಾ ಲೇಸರ್‌ನ ಕೋನ ಅಳೆಯುವ ಕನ್ನಡಿಗಳೇ ಬೇಕು.

ಹೆಜ್ಜೆ 2: ನೇರತೆ

ಸ್ಟ್ರೇಟ್ ಎಡ್ಜನ್ನು ಟೇಬಲ್ ಮೇಲೆ ಎಕ್ಸ್ ಉದ್ದಕ್ಕೆ ಮಗ್ಗುಲಾಗಿ ಇಡಿ. ಡಯಲನ್ನು ಸ್ಪಿಂಡಲ್ ಹೆಡ್‌ಗೆ ಕಟ್ಟಿ, ಮುಳ್ಳನ್ನು ಪಟ್ಟಿಯ ಅಂಚಿಗೆ ತಾಗಿಸಿ, ಪ್ರತಿ 100 ಮಿ.ಮೀ.ಗೆ ನಿಲ್ಲಿಸಿ ಓದು ಬರೆಯಿರಿ. 600 ಮಿ.ಮೀ. ಪ್ರಯಾಣದಲ್ಲಿ ಹೀಗೆ ಬಂತು ಎನ್ನೋಣ: 0, 5, 9, 12, 14, 15, 12 ಮೈಕ್ರಾನ್. ಇದನ್ನು ನೋಡಿ 15 ಮೈಕ್ರಾನ್ ಸೊಟ್ಟ ಎಂದು ಬರೆದುಬಿಡುವವರಿದ್ದಾರೆ. ಪಟ್ಟಿಯನ್ನು ಎಷ್ಟು ಜಾಣತನದಿಂದ ಇಟ್ಟರೂ ಅಕ್ಷಕ್ಕೆ ಸ್ವಲ್ಪ ಓರೆಯಾಗಿಯೇ ಇರುತ್ತದೆ. ಕೊನೆಯ ಓದು 12, ಆರು ಹೆಜ್ಜೆ, ಅಂದರೆ ಹೆಜ್ಜೆಗೆ 2 ಮೈಕ್ರಾನ್ ಓರೆ. ಅದನ್ನು ಕಳೆದರೆ ಉಳಿಯುವುದು 0, 3, 5, 6, 6, 5, 0. ನೇರತೆಯ ದೋಷ 6 ಮೈಕ್ರಾನ್, ಆಕಾರ ಬಿಲ್ಲಿನದು.

ಆ 6 ಯಾರದು? ಯಂತ್ರದ್ದೋ ಪಟ್ಟಿಯದೋ? ಪಟ್ಟಿಯನ್ನು ಅದರ ಉದ್ದದ ಗೆರೆಯ ಸುತ್ತ ಅರ್ಧ ಸುತ್ತು ಮಗುಚಿ, ಅದೇ ಅಂಚು ಈಗ ಎದುರು ದಿಕ್ಕಿಗೆ ಮುಖ ಮಾಡುವಂತೆ ಇಡಿ. ಡಯಲನ್ನೂ ಆ ಕಡೆಗೆ ತಂದು ಮತ್ತೆ ಓದಿ. ಪಟ್ಟಿಯ ಉಬ್ಬು ಎರಡು ಸಲವೂ ಡಯಲನ್ನು ಒತ್ತುತ್ತದೆ. ಯಂತ್ರದ ಸೊಟ್ಟ ಮಾತ್ರ ಒಮ್ಮೆ ಒತ್ತಿದರೆ ಇನ್ನೊಮ್ಮೆ ಬಿಡುತ್ತದೆ. ಹೀಗಾಗಿ ಆಯಾ ಜಾಗದ ಎರಡು ಓದುಗಳ ಮೊತ್ತದ ಅರ್ಧ ಪಟ್ಟಿಯದು, ವ್ಯತ್ಯಾಸದ ಅರ್ಧ ಯಂತ್ರದ್ದು. ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇಲ್ಲದ ಪಟ್ಟಿಯಿಂದಲೂ ನಂಬುವಂಥ ಉತ್ತರ ಸಿಗುತ್ತದೆ.

ಮೇಲೆ ಕೆಳಗಿನ ನೇರತೆಗೆ ಈ ಮಗುಚುವ ಉಪಾಯ ಸುಲಭವಲ್ಲ, ಏಕೆಂದರೆ ಪಟ್ಟಿ ತನ್ನದೇ ಭಾರಕ್ಕೆ ಬಾಗುತ್ತದೆ. ಅಲ್ಲಿ ಒಳ್ಳೆಯ ಗ್ರಾನೈಟ್ ಪಟ್ಟಿಯನ್ನು, ಅದರ ಮೇಲೆ ಗುರುತಿಸಿದ ಆಸರೆ ಬಿಂದುಗಳಲ್ಲೇ ಕೂರಿಸಿ ಬಳಸಿ.

ಹೆಜ್ಜೆ 3: ಲಂಬತೆ

ಸಮಯ ಕಡಿಮೆ ಇದ್ದಾಗಲೂ ಬಿಡಬಾರದ ಪರೀಕ್ಷೆ ಇದು. 500 ಮಿ.ಮೀ.ಗೆ 20 ಮೈಕ್ರಾನ್ ಲಂಬತೆ ತಪ್ಪಿದೆ ಎಂದುಕೊಳ್ಳಿ. 500 ಮಿ.ಮೀ. ಚೌಕದ ನಾಲ್ಕು ಮೂಲೆಗಳಲ್ಲಿ ತೂತು ಹಾಕಿದರೆ ಬದಿಗಳ ಅಳತೆಯೆಲ್ಲ ಸರಿಯಿರುತ್ತದೆ, ಎರಡು ಕರ್ಣಗಳ ನಡುವೆ ಮಾತ್ರ 28 ಮೈಕ್ರಾನ್ ವ್ಯತ್ಯಾಸ ಬರುತ್ತದೆ. ಬದಿ ಮಾತ್ರ ಅಳೆಯುವ ಇನ್‌ಸ್ಪೆಕ್ಟರ್ ಪಾಸ್ ಮಾಡುತ್ತಾನೆ, ಜೋಡಣೆಯಲ್ಲಿ ಡವೆಲ್ ಪಿನ್ ಹೋಗುವುದಿಲ್ಲ.

ಎಕ್ಸ್ ಮತ್ತು ಝಡ್ ನಡುವಿನ ಲಂಬತೆಯನ್ನು ನೋಡೋಣ. ಗ್ರಾನೈಟ್ ಸ್ಕ್ವೇರನ್ನು ಟೇಬಲ್ ಮೇಲಿಟ್ಟು, ಮೊದಲು ಅದರ ಅಡ್ಡ ಮೈಯ ಮೇಲೆ ಡಯಲ್ ತಾಗಿಸಿ ಎಕ್ಸ್ ಓಡಿಸಿ. ಎರಡು ತುದಿಗಳ ಓದು ಒಂದೇ ಬರುವಂತೆ ಅಡಿಗೆ ತೆಳು ಶಿಮ್ ಕೊಡಿ, ಇಲ್ಲವೇ ಆ ಓರೆಯನ್ನು ಬರೆದಿಟ್ಟುಕೊಂಡು ಲೆಕ್ಕದಲ್ಲಿ ಕಳೆಯಿರಿ. ಟೇಬಲ್‌ನ ಮೇಲ್ಮೈ ನಮಗೆ ಆಧಾರವಲ್ಲ, ಎಕ್ಸ್ ಅಕ್ಷದ ಚಲನೆ ಆಧಾರ. ಇದನ್ನು ಮರೆತರೆ ಟೇಬಲ್‌ನ ಸವೆತವೂ ಲಂಬತೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.

ಈಗ ಸ್ಕ್ವೇರ್‌ನ ನಿಂತ ಮೈ ಬಲಕ್ಕೆ ಮುಖ ಮಾಡಿರಲಿ. ಬಲದಿಂದ ಡಯಲ್ ತಾಗಿಸಿ, ಕೆಳಗೆ ಸೊನ್ನೆ ಮಾಡಿ, ಝಡ್ ಅನ್ನು 300 ಮಿ.ಮೀ. ಮೇಲಕ್ಕೆ ಓಡಿಸಿ. ಓದು ಪ್ಲಸ್ 12 ಬಂತು ಎನ್ನೋಣ, ಅಂದರೆ ಮುಳ್ಳು ಅಷ್ಟು ಒತ್ತಿಕೊಂಡಿತು. ಸ್ಕ್ವೇರನ್ನು 180 ಡಿಗ್ರಿ ತಿರುಗಿಸಿ, ಅದೇ ಮೈ ಎಡಕ್ಕೆ ಮುಖ ಮಾಡುವಂತೆ ಇಟ್ಟು, ಅಡ್ಡ ಮೈಯನ್ನು ಎಕ್ಸ್‌ಗೆ ಮತ್ತೆ ಸರಿಮಾಡಿ, ಎಡದಿಂದ ಡಯಲ್ ತಾಗಿಸಿ ಅದೇ 300 ಮಿ.ಮೀ. ಓಡಿಸಿ. ಈಗ ಮೈನಸ್ 4 ಬಂತು. ಮೊತ್ತ 8, ಅದರ ಅರ್ಧ 4 ಮೈಕ್ರಾನ್ ಸ್ಕ್ವೇರ್‌ನದು. ವ್ಯತ್ಯಾಸ 16, ಅದರ ಅರ್ಧ 8 ಮೈಕ್ರಾನ್ ಯಂತ್ರದ್ದು. ಝಡ್ ಮೇಲೇರುತ್ತ ಎಡಕ್ಕೆ ವಾಲುತ್ತಿದೆ, 300 ಮಿ.ಮೀ.ಗೆ 8 ಮೈಕ್ರಾನ್. ಮೊದಲ ಓದನ್ನೇ ನಂಬಿ 12 ತಿದ್ದಲು ಹೊರಟಿದ್ದರೆ ಸ್ಕ್ವೇರ್‌ನ ತಪ್ಪನ್ನು ಕಾಲಂಗೆ ಹೊರಿಸಿದಂತಾಗುತ್ತಿತ್ತು. ದಿಕ್ಕನ್ನು ತಪ್ಪದೆ ಬರೆಯಿರಿ. ದಿಕ್ಕಿಲ್ಲದ ಅಂಕಿ ತಿದ್ದುವವನಿಗೆ ಏನೂ ಹೇಳುವುದಿಲ್ಲ.

ಹೆಜ್ಜೆ 4: ಸ್ಪಿಂಡಲ್

ಟೇಪರ್ (ಸ್ಪಿಂಡಲ್‌ನಲ್ಲಿ ಟೂಲ್ ಕೂರುವ ಶಂಕುವಿನಾಕಾರದ ತೂತು) ಒಳಗನ್ನು ನಾರು ಬಿಡದ ಬಟ್ಟೆಯಿಂದ ಒರೆಸಿ ಮ್ಯಾಂಡ್ರೆಲ್ ಹಾಕಿ. ಮೂಗಿನ ಹತ್ತಿರ ಮತ್ತು 300 ಮಿ.ಮೀ. ಕೆಳಗೆ ಡಯಲ್ ತಾಗಿಸಿ ಕೈಯಲ್ಲಿ ತಿರುಗಿಸಿ. ಮ್ಯಾಂಡ್ರೆಲನ್ನು ಬಿಚ್ಚಿ 90 ಡಿಗ್ರಿ ತಿರುಗಿಸಿ ಹಾಕಿ ಮತ್ತೆ ನೋಡಿ, ಹೀಗೆ ನಾಲ್ಕು ಸಲ. ಬಿಟಿ ಮಾದರಿಯ ಟೇಪರ್‌ನಲ್ಲಿ ಕೀಲಿಗಳಿಂದಾಗಿ 180 ಡಿಗ್ರಿಗೆ ಮಾತ್ರ ಕೂರುವ ಮ್ಯಾಂಡ್ರೆಲ್ ಆದರೆ ಎರಡು ಸಲ. ರನ್‌ಔಟ್‌ನ (ತಿರುಗುವಾಗ ನಡುಗೆರೆ ಬಿಟ್ಟು ಓಲಾಡುವುದರ) ಅತಿ ಎತ್ತರದ ಬಿಂದು ಮ್ಯಾಂಡ್ರೆಲ್ ಜೊತೆ ತಿರುಗಿದರೆ ತಪ್ಪು ಮ್ಯಾಂಡ್ರೆಲ್‌ನದು, ಸ್ಪಿಂಡಲ್‌ನ ಒಂದೇ ಜಾಗದಲ್ಲಿ ನಿಂತರೆ ಟೇಪರ್‌ನದು.

ಸ್ಪಿಂಡಲ್‌ನ ಗೆರೆ ಝಡ್ ಚಲನೆಗೆ ಸಮಾಂತರವಾಗಿದೆಯೇ ಎಂದು ನೋಡಲು ಟೇಬಲ್ ಮೇಲೆ ಡಯಲ್ ಇಟ್ಟು ಮ್ಯಾಂಡ್ರೆಲ್ ಉದ್ದಕ್ಕೂ ಝಡ್ ಓಡಿಸಿ, ಸ್ಪಿಂಡಲನ್ನು 180 ಡಿಗ್ರಿ ತಿರುಗಿಸಿ ಮತ್ತೊಮ್ಮೆ ಓಡಿಸಿ, ಎರಡರ ಸರಾಸರಿ ತೆಗೆಯಿರಿ. ಸರಾಸರಿಯಲ್ಲಿ ರನ್‌ಔಟ್ ತಾನಾಗಿಯೇ ಕಳೆದುಹೋಗುತ್ತದೆ. ಹಾಗೆಯೇ ಸ್ಪಿಂಡಲ್ ಟೇಬಲ್‌ಗೆ ಲಂಬವಾಗಿದೆಯೇ ಎಂದು ನೋಡಲು ಸ್ಪಿಂಡಲ್‌ಗೆ ತೋಳು ಕಟ್ಟಿ 300 ಮಿ.ಮೀ. ವ್ಯಾಸದ ವೃತ್ತದಲ್ಲಿ ಟೇಬಲ್ ಮೇಲೆ ಡಯಲ್ ತಿರುಗಿಸಿ. ಮುಳ್ಳನ್ನು ಟಿ-ಸ್ಲಾಟ್ ಮೇಲೆ ಎಳೆಯಬೇಡಿ. ನಾಲ್ಕು ಕಡೆಯೂ ಒಂದೇ ಸ್ಲಿಪ್ ಗೇಜನ್ನು ಮುಳ್ಳಿನ ಅಡಿಗೆ ಸರಿಸಿ ಓದಿ. ಇದು ತಪ್ಪಿದ್ದರೆ ಫೇಸ್ ಮಿಲ್ ಮಾಡಿದ ಮೈಯಲ್ಲಿ ಸಾಲುಸಾಲಾಗಿ ಮೆಟ್ಟಿಲು ಕೈಗೆ ತಾಗುತ್ತದೆ.

ಲೇತ್‌ನವರಿಗೆ ಒಂದು ಮಾತು. ಅಲ್ಲಿ ಮ್ಯಾಂಡ್ರೆಲ್‌ನ ಮಿತಿಗೆ ಅಂಕಿಯಷ್ಟೇ ಅಲ್ಲ, ದಿಕ್ಕೂ ಇದೆ: ತುದಿ ಮೇಲಕ್ಕೆ ಏರಬಹುದು, ಇಳಿಯಬಾರದು, ಟೂಲ್ ಕಡೆಗೆ ವಾಲಬಹುದು, ಆಚೆಗೆ ವಾಲಬಾರದು. ಜಾಬ್‌ನ ಭಾರ ಕೆಳಕ್ಕೆ ಎಳೆಯುತ್ತದೆ, ಕಟಿಂಗ್‌ನ ಒತ್ತಡ ಆಚೆಗೆ ತಳ್ಳುತ್ತದೆ, ಎರಡೂ ಸೇರಿ ದೋಷವನ್ನು ಸೊನ್ನೆಯ ಕಡೆಗೇ ತರುತ್ತವೆ. ಕ್ರಾಸ್ ಸ್ಲೈಡ್ ಕೂಡ ಹಾಗೆಯೇ: ಫೇಸಿಂಗ್ ಮಾಡಿದ ಮೈ ನಡುವೆ ತಗ್ಗಿದ್ದರೆ ಒಪ್ಪುತ್ತಾರೆ, ಉಬ್ಬಿದ್ದರೆ ಇಲ್ಲ. ತಗ್ಗಿದ ಮೈ ಅಂಚಿನ ಮೇಲೆ ಅಲುಗದೆ ಕೂರುತ್ತದೆ, ಉಬ್ಬಿದ್ದು ತೊಟ್ಟಿಲಾಡುತ್ತದೆ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿಯ ಹಳೆಯ ಲೇತ್‌ಗಳು ಇನ್ನೂ ಎಷ್ಟೋ ಶೆಡ್‌ಗಳಲ್ಲಿ ದುಡಿಯುತ್ತಿವೆ. ಅವುಗಳನ್ನು ರೀಕಂಡಿಷನ್ ಮಾಡುವವರು ಅಂಕಿ ಸೊನ್ನೆಗೆ ತಂದೆವೆಂದು ಹೆಮ್ಮೆಪಟ್ಟರೆ, ದಿಕ್ಕು ಯಾವುದಿತ್ತು ಎಂದು ಕೇಳಿ.

ಹೆಜ್ಜೆ 5: ಸ್ಥಾನ ನಿಖರತೆ

ಇಲ್ಲಿಂದ ಲೇಸರ್‌ನವರ ಕೆಲಸ, ಆದರೆ ಅವರ ಪಕ್ಕದಲ್ಲಿ ನಿಂತು ನಾಲ್ಕು ವಿಷಯ ಗಮನಿಸುವುದು ನಿಮ್ಮ ಕೆಲಸ.

ಮೊದಲನೆಯದು ಗಾಳಿ. ಲೇಸರ್ ಅಳೆಯುವುದು ಬೆಳಕಿನ ತರಂಗದ ಲೆಕ್ಕದಲ್ಲಿ. ಹೀಲಿಯಂ-ನಿಯಾನ್ ಲೇಸರ್‌ನ ಆ ತರಂಗ ಸುಮಾರು 633 ನ್ಯಾನೋಮೀಟರ್, ಆದರೆ ಅದು ಗಾಳಿಯ ಒತ್ತಡ, ಉಷ್ಣತೆಗಳಿಗೆ ತಕ್ಕಂತೆ ಬದಲಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್, ಸಮುದ್ರಮಟ್ಟಕ್ಕಿಂತ ನೂರರಷ್ಟು ಕಡಿಮೆ. ವಾತಾವರಣದ ಸೆನ್ಸರ್ ಜೋಡಿಸದೆ ಸಮುದ್ರಮಟ್ಟದ ಒತ್ತಡವನ್ನೇ ಹಿಡಿದು ಅಳೆದರೆ ಮೀಟರಿಗೆ ಸುಮಾರು 27 ಮೈಕ್ರಾನ್ ತಪ್ಪು ಅಲ್ಲೇ ಸೇರಿಕೊಳ್ಳುತ್ತದೆ. ಮಂಗಳೂರಿನಲ್ಲಿ ಅದೇ ಅಜಾಗರೂಕತೆ ಅಷ್ಟಾಗಿ ಬಾಧಿಸದು. ಸೆನ್ಸರ್ ಪೆಟ್ಟಿಗೆಯಲ್ಲೇ ಉಳಿದಿದ್ದರೆ ಕೆಲಸ ನಿಲ್ಲಿಸಿ ಹೊರಗೆ ತೆಗೆಸಿ.

ಎರಡನೆಯದು ಲೋಹದ ಉಷ್ಣತೆಯ ಸೆನ್ಸರ್. ಅದು ಟೇಬಲ್‌ಗೋ ಸ್ಕ್ರೂ ಪಕ್ಕಕ್ಕೋ ಅಂಟಿರಬೇಕು, ಹೊರಗಿನ ಶೀಟ್ ಮೆಟಲ್ ಕವರಿಗಲ್ಲ. ಮೂರನೆಯದು ಎತ್ತರ. ಲೇಸರ್ ಬೆಳಕನ್ನು ಹಿಂದಿರುಗಿಸುವ ಕನ್ನಡಿಯನ್ನು ಟೇಬಲ್‌ಗೆ ತಾಗಿಸಿ ಇಡುವುದು ಸುಲಭ, ಆದರೆ ನೀವು ಜಾಬ್ ಕೊರೆಯುವುದು ಫಿಕ್ಸ್ಚರ್‌ನ ಎತ್ತರದಲ್ಲಿ. ಪಿಚ್ ತಿರುವಿನ ದೋಷವಿರುವ ಯಂತ್ರದಲ್ಲಿ ಈ ಎರಡು ಎತ್ತರಗಳ ಉತ್ತರ ಬೇರೆಯಾಗಿರುತ್ತದೆ. ಅಬ್ಬೆ ಹೇಳಿದ್ದು ಇದನ್ನೇ. ಹೆಚ್ಚು ಕೆಲಸ ನಡೆಯುವ ಎತ್ತರದಲ್ಲೇ ಅಳೆಸಿ. ನಾಲ್ಕನೆಯದು ನಿಲುಗಡೆಗಳು. ಐಎಸ್‌ಒ 230-2ರ ಪ್ರಕಾರ ಎರಡು ಮೀಟರ್‌ವರೆಗಿನ ಅಕ್ಷಕ್ಕೆ ಮೀಟರಿಗೆ ಕನಿಷ್ಠ ಐದು ನಿಲುಗಡೆ, ಪ್ರತಿಯೊಂದಕ್ಕೂ ಎರಡೂ ದಿಕ್ಕಿನಿಂದ ಐದೈದು ಸಲ. ನಿಲುಗಡೆಗಳ ಅಂತರ ಸರಿಯಾಗಿ ಬಾಲ್ ಸ್ಕ್ರೂ ಪಿಚ್‌ನ (ಇದು ತಿರುವಿನ ಪಿಚ್ ಅಲ್ಲ, ಸ್ಕ್ರೂ ಒಂದು ಸುತ್ತಿಗೆ ಸಾಗಿಸುವ ದೂರ) ಮಡಿಗಳಲ್ಲೇ ಇದ್ದರೆ, ಒಂದು ಸುತ್ತಿನೊಳಗಿನ ಏರಿಳಿತ ಒಮ್ಮೆಯೂ ಕಾಣುವುದಿಲ್ಲ. ಹಾಗಾಗಿ ಅಂತರಗಳು ಕೊಂಚ ಏರುಪೇರಾಗಿರಬೇಕು.

ವರದಿ ಕೈಗೆ ಬಂದಾಗ ಒಟ್ಟು ನಿಖರತೆ, ಪುನರಾವರ್ತನೆ, ಹಿಂದುಮುಂದಿನ ವ್ಯತ್ಯಾಸ ಎಂಬ ಮೂರನ್ನೂ ಬೇರೆಬೇರೆಯಾಗಿ ಓದಿ. ಒಟ್ಟು ನಿಖರತೆ ಕೆಟ್ಟಿದ್ದು ಪುನರಾವರ್ತನೆ ಚೆನ್ನಾಗಿದ್ದರೆ ಸಂತೋಷಪಡಿ, ತಿದ್ದಬಹುದಾದ ಯಂತ್ರ ಅದು. ಪುನರಾವರ್ತನೆಯೇ ಕೆಟ್ಟಿದ್ದರೆ ಯಾವ ಪ್ಯಾರಾಮೀಟರ್‌ನಿಂದಲೂ ಪ್ರಯೋಜನವಿಲ್ಲ, ಬೇರಿಂಗ್ ಮತ್ತು ನಟ್ ಬಿಚ್ಚಬೇಕು. ಕ್ಯಾಟಲಾಗ್‌ನ ಅಂಕಿಗಳನ್ನು ಹೋಲಿಸುವಾಗ ಯಾವ ಮಾನಕ ಎಂದು ಕೇಳಿ. ಹಳೆಯ ಜಪಾನಿ ಜೆಐಎಸ್ ಲೆಕ್ಕದಲ್ಲಿ ಓದುಗಳ ಚದುರಿಕೆ ಸೇರುತ್ತಿರಲಿಲ್ಲ, ಐಎಸ್‌ಒ ಲೆಕ್ಕದಲ್ಲಿ ಸೇರುತ್ತದೆ. ಒಂದೇ ಯಂತ್ರ ಮೊದಲನೆಯದರಲ್ಲಿ ಹೆಚ್ಚು ನಿಖರವಾಗಿ ಕಾಣುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಹೆಜ್ಜೆ 6: ಬಾಲ್‌ಬಾರ್

ಎರಡು ತುದಿಯಲ್ಲಿ ಗುಂಡು, ನಡುವೆ ಉದ್ದದ ಬದಲಾವಣೆ ಅಳೆಯುವ ಸೆನ್ಸರ್ ಇರುವ ಕೋಲು ಇದು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜಿಮ್ ಬ್ರಯನ್ 1980ರ ದಶಕದ ಆರಂಭದಲ್ಲಿ ಈ ವಿಧಾನವನ್ನು ಬಳಕೆಗೆ ತಂದರು. ಒಂದು ಗುಂಡು ಟೇಬಲ್ ಮೇಲೆ, ಇನ್ನೊಂದು ಸ್ಪಿಂಡಲ್‌ನಲ್ಲಿ. ಯಂತ್ರ ವೃತ್ತ ಬರೆಯುತ್ತದೆ, ಕೋಲು ಆ ವೃತ್ತ ಎಷ್ಟು ವೃತ್ತವಾಗಿದೆ ಎಂದು ಹೇಳುತ್ತದೆ. ಗಡಿಯಾರದ ದಿಕ್ಕಿಗೂ ಅದಕ್ಕೆ ವಿರುದ್ಧವಾಗಿಯೂ ಓಡಿಸಲೇಬೇಕು. ಅರ್ಧ ರೋಗನಿರ್ಣಯ ಇರುವುದು ಆ ಎರಡರ ಹೋಲಿಕೆಯಲ್ಲೇ.

ಚಿತ್ರವನ್ನು ಓದುವುದು ಹೀಗೆ. ವೃತ್ತ 45 ಡಿಗ್ರಿಗೆ ಮೊಟ್ಟೆಯಂತೆ ಚಪ್ಪಟೆಯಾಗಿದ್ದು ಎರಡೂ ದಿಕ್ಕಿನಲ್ಲಿ ಅದೇ ಕಡೆಗೆ ವಾಲಿದ್ದರೆ ಲಂಬತೆಯ ದೋಷ. ದಿಕ್ಕು ಬದಲಿಸಿದಾಗ ಮೊಟ್ಟೆಯೂ ಮಗ್ಗುಲು ಬದಲಿಸಿದರೆ ಅದು ಜ್ಯಾಮಿತಿಯಲ್ಲ, ಎರಡು ಅಕ್ಷಗಳ ಸರ್ವೋ ಮೋಟಾರುಗಳ ಗೇನ್ (ಆದೇಶಕ್ಕೆ ಸ್ಪಂದಿಸುವ ಚುರುಕು) ಹೊಂದಿಕೆಯಾಗದಿರುವುದು. ಕಾಲಂಗೆ ಕೈ ಹಾಕುವ ಮೊದಲು ಇದನ್ನು ನೋಡಿದ್ದರೆ ಎಷ್ಟೋ ಜನರ ವಾರಗಟ್ಟಲೆ ಶ್ರಮ ಉಳಿಯುತ್ತಿತ್ತು. ಮೊಟ್ಟೆ ಅಕ್ಷದ ಉದ್ದಕ್ಕೇ ಮಲಗಿದ್ದರೆ ಎರಡು ಅಕ್ಷಗಳ ಅಳತೆ ಒಂದಕ್ಕೊಂದು ಹೊಂದಿಲ್ಲ, ಬಹುಮಟ್ಟಿಗೆ ಸ್ಕ್ರೂಗಳ ಬಿಸಿ ಬೇರೆಬೇರೆ. ಅಕ್ಷ ದಾಟುವಲ್ಲಿ ಮೆಟ್ಟಿಲು ಬಿದ್ದು ಮುಂದಿನ ಕಾಲುಭಾಗದುದ್ದಕ್ಕೂ ಹಾಗೆಯೇ ಉಳಿದರೆ ಬ್ಯಾಕ್‌ಲ್ಯಾಶ್. ಅಲ್ಲೇ ಒಂದು ಮುಳ್ಳು ಎದ್ದು ಕೂಡಲೇ ಇಳಿದರೆ ಗೈಡ್‌ವೇಯ (ಅಕ್ಷ ಜಾರುವ ದಾರಿಯ) ಘರ್ಷಣೆ. ಮೂರು ಮೂಲೆಯ ಆಕಾರ ಬಂದರೆ ನೇರತೆಯನ್ನು ಶಂಕಿಸಿ.

ಲಂಬತೆಯ ಅಂಕಿಯನ್ನು ಗ್ರಾನೈಟ್ ಸ್ಕ್ವೇರ್‌ನ ಅಂಕಿಗೆ ತಾಳೆ ನೋಡಬಹುದು. 500 ಮಿ.ಮೀ.ಗೆ 20 ಮೈಕ್ರಾನ್ ತಪ್ಪಿದ್ದರೆ, 150 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ ಒಂದು ಕರ್ಣದ ಕಡೆ 3 ಮೈಕ್ರಾನ್ ಹಿಗ್ಗಿ, ಇನ್ನೊಂದರ ಕಡೆ 3 ಮೈಕ್ರಾನ್ ಕುಗ್ಗಬೇಕು. ತಾಳೆಯಾಗದಿದ್ದರೆ ಎರಡು ಪರೀಕ್ಷೆಗಳಲ್ಲಿ ಒಂದನ್ನು ಮತ್ತೆ ಮಾಡಬೇಕು. ಅಥವಾ ಅಕ್ಷ ಸೊಟ್ಟಗಿದ್ದು, ಟೇಬಲ್‌ನ ಒಂದು ಭಾಗದಲ್ಲಿ ಒಂದು ಕೋನ, ಇನ್ನೊಂದು ಭಾಗದಲ್ಲಿ ಇನ್ನೊಂದು ಕೋನ ಬರುತ್ತಿರಬಹುದು.

ಹೆಜ್ಜೆ 7: ತಿದ್ದುವುದು

ಇಷ್ಟು ಹೊತ್ತು ಒಂದು ಬೋಲ್ಟನ್ನೂ ತಿರುಗಿಸಿಲ್ಲ, ಲೆವೆಲ್‌ನದು ಬಿಟ್ಟು. ತಿದ್ದುವ ಕ್ರಮವೂ ಅಳೆದ ಕ್ರಮವೇ: ಮೊದಲು ಲೆವೆಲ್, ಆಮೇಲೆ ನೇರತೆ, ಆಮೇಲೆ ಲಂಬತೆ, ಆಮೇಲೆ ಸ್ಪಿಂಡಲ್. ಕಬ್ಬಿಣದಲ್ಲಿ ತಿದ್ದಬೇಕಾದ್ದು ಮುಗಿದ ಮೇಲೆ ಮಾತ್ರ ಕಂಟ್ರೋಲರ್‌ಗೆ ಬನ್ನಿ. ಲೆವೆಲ್ ಸರಿಯಾದ ಮೇಲೆ ನೇರತೆಯೂ ಲಂಬತೆಯೂ ಅರ್ಧಕ್ಕರ್ಧ ಸರಿಹೋಗುವುದು ಅಪರೂಪವಲ್ಲ. ಹಾಗಾಗಿ ಪ್ರತಿ ತಿದ್ದುಪಡಿಯ ನಂತರ ಮುಂದಿನದನ್ನು ಹೊಸದಾಗಿ ಅಳೆದೇ ಮುಂದುವರಿಯಿರಿ. ಎಲ್‌ಎಂ ಗೈಡ್ (ಬೇರಿಂಗ್ ಓಡುವ ರೈಲು) ಇರುವ ಯಂತ್ರದಲ್ಲಿ ರೈಲನ್ನು ಅದರ ಆಧಾರದ ಅಂಚಿಗೆ ಮತ್ತೆ ಒತ್ತಿ ಕೂರಿಸಿ, ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ನಡುವಿನಿಂದ ತುದಿಗೆ ಬಿಗಿಯಬೇಕು. ಬಾಕ್ಸ್ ಗೈಡ್‌ವೇ ಸವೆದಿದ್ದರೆ, ಕಾಲಂ ಕೂರುವ ಮೈ ವಾಲಿದ್ದರೆ, ಬ್ಲೂ (ನೀಲಿ ಬಣ್ಣ) ಹಚ್ಚಿ ಉಬ್ಬು ಹುಡುಕಿ ಕೈಯಿಂದ ಕೆರೆದು ಸಮಮಾಡುವ ಸ್ಕ್ರೇಪಿಂಗ್‌ನವರನ್ನೇ ಹುಡುಕಬೇಕು. ಆ ಕೈಗಳು ಕಡಿಮೆಯಾಗುತ್ತಿವೆ, ಅವರ ದರ ಏರುತ್ತಿದೆ, ಏರಲಿ.

ಬ್ಯಾಕ್‌ಲ್ಯಾಶ್ ತುಂಬುವ ಮೊದಲು ಅದು ಎಲ್ಲಿಂದ ಬರುತ್ತಿದೆ ನೋಡಿ. ಸ್ಕ್ರೂನ ತುದಿಯ ಬೇರಿಂಗ್, ಕಪ್ಲಿಂಗ್, ಬಾಲ್ ನಟ್ ಮೂರರಲ್ಲಿ ಯಾವುದೂ ಆಗಬಹುದು. ಸ್ಕ್ರೂ ತುದಿಯ ಸೆಂಟರ್ ಹೋಲ್‌ನಲ್ಲಿ ಗ್ರೀಸ್ ಹಚ್ಚಿದ ಉಕ್ಕಿನ ಗುಂಡು ಕೂರಿಸಿ ಅದಕ್ಕೆ ಡಯಲ್ ತಾಗಿಸಿ, ಟೇಬಲನ್ನು ಹಿಂದುಮುಂದು ಓಡಿಸಿದರೆ ಬೇರಿಂಗ್‌ನ ಆಟ ಬೇರೆಯಾಗಿ ಸಿಗುತ್ತದೆ. ನಂತರ ಟೇಬಲ್‌ನ ಎಡ, ನಡು, ಬಲ ಮೂರು ಕಡೆ ಬ್ಯಾಕ್‌ಲ್ಯಾಶ್ ಅಳೆಯಿರಿ. ವರ್ಷಗಟ್ಟಲೆ ಟೇಬಲ್‌ನ ನಡುವೆಯೇ ದುಡಿದ ಯಂತ್ರದಲ್ಲಿ ಸ್ಕ್ರೂ ನಡುವೆ ಹೆಚ್ಚು ಸವೆದಿರುತ್ತದೆ. ಫ್ಯಾನುಕ್ ಕಂಟ್ರೋಲರ್‌ನ 1851ನೇ ಪ್ಯಾರಾಮೀಟರ್ ಅಕ್ಷಕ್ಕೆ ಒಂದೇ ಅಂಕಿ ಒಪ್ಪುತ್ತದೆ. ನಡುವಿನ 18 ಮೈಕ್ರಾನನ್ನು ಅಲ್ಲಿ ತುಂಬಿದರೆ, 6 ಮೈಕ್ರಾನ್ ಮಾತ್ರ ಇರುವ ತುದಿಯಲ್ಲಿ 12 ಮೈಕ್ರಾನ್ ಹೆಚ್ಚಾಗಿ ಹಾರುತ್ತದೆ. ಮೂರು ಕಡೆಯೂ ಹತ್ತಿರಹತ್ತಿರ ಒಂದೇ ಅಂಕಿ ಬಂದರೆ ಮಾತ್ರ ತುಂಬಿ. ಇಲ್ಲದಿದ್ದರೆ ನಟ್ ಅಥವಾ ಸ್ಕ್ರೂ ಬದಲಿಸುವ ಮಾತಾಡಿ.

ಸ್ಕ್ರೂನ ಪಿಚ್ ದೋಷದ ಪಟ್ಟಿಯನ್ನು, ಅಂದರೆ ಪ್ರತಿ ನಿಲುಗಡೆಯ ದೂರದ ತಪ್ಪನ್ನು ಕಂಟ್ರೋಲರ್‌ಗೆ ತಿಳಿಸುವ ಅಂಕಿಗಳನ್ನು, ಲೇಸರ್‌ನವರು ತುಂಬಿಕೊಡುತ್ತಾರೆ. ಅದು ಕನ್ನಡಿ ಇಟ್ಟ ಆ ಒಂದು ಗೆರೆಗೆ ಮಾತ್ರ ಸತ್ಯ ಎಂಬುದನ್ನು ಮರೆಯಬಾರದು. ಹಳೆಯ ಅಂಕಿಗಳನ್ನು ಮೊದಲು ಬ್ಯಾಕಪ್ ತೆಗೆದಿಟ್ಟು, ಹೊಸದನ್ನು ತುಂಬಿದ ಮೇಲೆ ಮತ್ತೊಮ್ಮೆ ಪೂರ್ತಿ ಅಳೆಸಿ, ಎರಡೂ ವರದಿ ಪಡೆಯಿರಿ. ತಿದ್ದಿದ ನಂತರದ ವರದಿಯಷ್ಟನ್ನೇ ಕೊಟ್ಟು ಹೋಗುವ ರೂಢಿಯಿದೆ. ಮುಂದಿನ ವರ್ಷ ಯಂತ್ರ ಎಷ್ಟು ಸವೆಯಿತು ಎಂದು ಹೇಳುವುದು ತಿದ್ದುವ ಮುಂಚಿನ ವರದಿ.

ಹಳೆಯ ಯಂತ್ರ ಕೊಳ್ಳಲು ಹೋದಾಗ

ಮಾರುವವರು ಅರ್ಧ ಗಂಟೆಗಿಂತ ಹೆಚ್ಚು ಬಿಡುವುದಿಲ್ಲ, ಲೇಸರ್‌ನ ಮಾತೇ ಇಲ್ಲ. ಒಂದು ಲಿವರ್ ಡಯಲ್, ಒಂದು ಸ್ಟ್ಯಾಂಡ್, ಒಂದು ಸ್ಲಿಪ್ ಗೇಜ್, ಒಂದು ಸಣ್ಣ ಸ್ಕ್ವೇರ್ ಚೀಲದಲ್ಲಿರಲಿ. ಯಂತ್ರ ಆಗಲೇ ಬಿಸಿಯಾಗಿ ಓಡುತ್ತಿದ್ದರೆ ಆರಿಸಿ ಮತ್ತೆ ಹಚ್ಚಿಸಿ, ಅಕ್ಷಗಳು ರೆಫರೆನ್ಸ್ ಬಿಂದುವಿಗೆ (ಆರಂಭದ ಜಾಗಕ್ಕೆ) ಹೋಗುವಾಗ ಬರುವ ಸದ್ದು ಕೇಳಿ. ಸ್ಪಿಂಡಲ್ ಟೇಪರ್ ಒಳಗೆ ನೇರವಾಗಿ ಡಯಲ್ ತಾಗಿಸಿ ರನ್‌ಔಟ್ ನೋಡಿ. ಎಕ್ಸ್ ಮತ್ತು ವೈ ಎರಡಕ್ಕೂ ಎಡ, ನಡು, ಬಲಗಳಲ್ಲಿ ಬ್ಯಾಕ್‌ಲ್ಯಾಶ್ ನೋಡಿ. ಆಮೇಲೆ ಕಂಟ್ರೋಲರ್‌ನಲ್ಲಿ ಬ್ಯಾಕ್‌ಲ್ಯಾಶ್ ಪ್ಯಾರಾಮೀಟರ್ ತೆರೆಸಿ, ಅಲ್ಲಿ ಈಗಾಗಲೇ ಎಷ್ಟು ತುಂಬಿದ್ದಾರೆ ಓದಿಕೊಳ್ಳಿ. ಡಯಲ್ 3 ತೋರಿಸಿದ್ದು ಪ್ಯಾರಾಮೀಟರ್‌ನಲ್ಲಿ 40 ಮೈಕ್ರಾನ್ ಕೂತಿದ್ದರೆ ಬೆಲೆಯ ಮಾತು ಬೇರೆ ದಾರಿ ಹಿಡಿಯುತ್ತದೆ. ಸಮಯ ಉಳಿದಿದ್ದರೆ ಸ್ಕ್ವೇರ್ ಇಟ್ಟು ಎಕ್ಸ್-ವೈ ಲಂಬತೆ ನೋಡಿ, ತಿರುಗಿಸಿ ಇನ್ನೊಮ್ಮೆ ನೋಡಿ. ಸ್ಪಿಂಡಲ್ ಬೇರಿಂಗನ್ನು ದುಡ್ಡು ಕೊಟ್ಟು ಬದಲಿಸಬಹುದು, ಸ್ಕ್ರೂ ಕೂಡ. ವಾಲಿದ ಕಾಲಂ ಇರುವ ಯಂತ್ರಕ್ಕೆ ಮುಂಗಡ ಕೊಡುವ ಮೊದಲು, ಸ್ಕ್ರೇಪಿಂಗ್‌ನವರಿಂದ ಅಂದಾಜು ಬರೆಸಿಕೊಂಡು ಬನ್ನಿ.